ಲೆಕ್ಕಕ್ಕೆ ಸಿಗದ ಕೆಮ್ಮು: ಬೆಂಗಳೂರು–ತುಮಕೂರು ಸೀಮೆಯ ಕ್ಷಯ ಸಮೀಕ್ಷೆಗಳು

ಬೆಂಗಳೂರಿನಿಂದ ತುಮಕೂರಿಗೆ ಸಾಗುವ ಹೆದ್ದಾರಿಯಲ್ಲಿ, ನೆಲಮಂಗಲದ ಮಗ್ಗುಲಲ್ಲಿ ಅರಿಶಿನಕುಂಟೆಯಿದೆ. ಕ್ಷಯರೋಗಿಗಳ ಸಂಖ್ಯೆಯನ್ನು ಅಂದಾಜು ಮಾಡುವ ಪ್ರಯತ್ನಗಳ ಇತಿಹಾಸದಲ್ಲಿ ಈ ದಾರಿಯ ಎರಡು ತುದಿಗಳಿಗೂ ವಿಶೇಷ ಸ್ಥಾನವುಂಟು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತನ್ನ ಆರಂಭದ ಕ್ಷೇತ್ರಾಧ್ಯಯನಗಳನ್ನು ನಡೆಸಿದ್ದು ತುಮಕೂರು ಜಿಲ್ಲೆಯಲ್ಲಿ ಹಾಗೂ ಅಂದಿನ ಅವಿಭಜಿತ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ.

ಕ್ಷಯವು ಪಟ್ಟಣಗಳ ರೋಗವೆಂಬ ಗ್ರಹಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1955–58ರ ಸಮೀಕ್ಷೆ ಅಲ್ಲಗಳೆದಿತ್ತು. ಆದರೆ ಹಳ್ಳಿಗರು ಅರಿವಿಲ್ಲದೆ ರೋಗವನ್ನು ಮುಚ್ಚಿಡುತ್ತಾರೆ, ಆದ್ದರಿಂದಲೇ ಲೆಕ್ಕ ದೊರೆಯುವುದಿಲ್ಲ ಎಂಬ ನಂಬಿಕೆ ಉಳಿದಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಅಧ್ಯಯನ ಇದನ್ನು ಪ್ರಶ್ನಿಸಿತು. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ಚಿಕಿತ್ಸೆ ಅರಸಿ ಆಧುನಿಕ ವೈದ್ಯಕೀಯ ಕೇಂದ್ರಗಳಿಗೆ ಹೋಗಿಬಂದಿದ್ದರು. ಅಲ್ಲಿ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧಿ ಮಾತ್ರ.

ಕನ್ನಡದಲ್ಲಿ ‘ಕ್ಷಯ’ವೆಂದರೆ ಸವೆತ, ಚಂದ್ರನಿಗೂ ಸಂಪತ್ತಿಗೂ ಅದೇ ಪದ. ರೋಗಿ ಹೇಳುವುದು ಕೆಮ್ಮನ್ನು, ಸಂಜೆಯ ಜ್ವರವನ್ನು, ಸೊರಗುವ ಮೈಯನ್ನು. ನೋಂದಣಿ ಪುಸ್ತಕ ಕೇಳುವುದು ರೋಗದ ಹೆಸರನ್ನು. ಕಫ ಪರೀಕ್ಷೆಯಿಲ್ಲದೆ ಮೊದಲನೆಯದು ಎರಡನೆಯದಾಗದು. ಎಣಿಕೆಯ ಕೊರತೆ ಹುಟ್ಟುವುದು ಬಹುಮಟ್ಟಿಗೆ ಈ ಅಂತರದಲ್ಲಿ.

ಆ ಕೊರತೆಯ ಬೆಲೆಯನ್ನು ಸಂಸ್ಥೆಯ ಮತ್ತೊಂದು ಅಧ್ಯಯನ ತೋರಿಸುತ್ತದೆ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ನಾಲ್ಕು ಬಾರಿ ಸಮೀಕ್ಷಿಸಲಾಯಿತು. ಮೊದಲ ಸುತ್ತಿನಲ್ಲಿ ಪತ್ತೆಯಾದ 126 ರೋಗಿಗಳಲ್ಲಿ ಐದು ವರ್ಷಗಳೊಳಗೆ ಶೇ. 49ರಷ್ಟು ಜನ ಮರಣಹೊಂದಿದ್ದರು; ಶೇ. 18ರಷ್ಟು ಜನರ ಕಫದಲ್ಲಿ ರೋಗಾಣು ಉಳಿದಿತ್ತು, ಉಳಿದವರು ಗುಣಮುಖರಾಗಿದ್ದರು.

ಮನೆಮನೆಯ ಸಮೀಕ್ಷೆ ದುಬಾರಿಯಾದುದರಿಂದ ಬಡ ದೇಶಗಳು ಪರೋಕ್ಷ ಅಂದಾಜುಗಳನ್ನು ಅವಲಂಬಿಸಿವೆ. ಭಾರತದಲ್ಲಿ 2012ರಲ್ಲಿ ಕ್ಷಯದ ವರದಿ ಕಡ್ಡಾಯವಾಯಿತು. ಬಳಿಕವೂ, ಔಷಧಿ ಮಾರಾಟದ ಪ್ರಮಾಣವನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, 2014ರಲ್ಲಿ ಖಾಸಗಿ ಚಿಕಿತ್ಸೆಯಲ್ಲಿದ್ದವರೇ ಸುಮಾರು 22 ಲಕ್ಷ ಮಂದಿ ಎಂದು ಅಂದಾಜಿಸಿತು. ಅಂದರೆ ಔಷಧಿ ಸೇವಿಸುತ್ತಿದ್ದವರೂ ಸರ್ಕಾರಿ ಲೆಕ್ಕದ ಹೊರಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನ ಕ್ಷಯಪೀಡಿತರಾದರು; ವರದಿಯಾದವರು 82 ಲಕ್ಷ.

ತುಮಕೂರಿನ ತೀರ್ಮಾನವನ್ನು ಎಲ್ಲ ಕಾಲಕ್ಕೂ ಅನ್ವಯಿಸಲಾಗದು. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರಲ್ಲಿ ಸುಮಾರು ಶೇ. 64ರಷ್ಟು ಜನ ಚಿಕಿತ್ಸೆಯನ್ನೇ ಅರಸಿರಲಿಲ್ಲ. ಪತ್ತೆಯಾದ ರೋಗಿಗಳಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಲಕ್ಷಣಗಳಿಲ್ಲದೆ ಎಕ್ಸ್‌ರೇಯಿಂದಲೇ ಗುರುತಾದರು. ಆದರೂ 1963ರ ಪಾಠ ಹಳತಾಗಿಲ್ಲ. ಪುಸ್ತಕದಲ್ಲಿರುವ ಸಂಖ್ಯೆ ರೋಗದ ಅಳತೆಯಷ್ಟೇ ಅಲ್ಲ, ಕೆಮ್ಮಿಗೆ ಕಿವಿಗೊಟ್ಟ ವ್ಯವಸ್ಥೆಯ ಅಳತೆಯೂ ಹೌದು. ಸಂಖ್ಯೆ ಕಡಿಮೆಯಿದ್ದಲ್ಲಿ ಮೊದಲು ಪರೀಕ್ಷಿಸಬೇಕಾದುದು ಜನರ ಅಜ್ಞಾನವನ್ನಲ್ಲ, ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗಿದವರು ಎಷ್ಟು ಎಂಬುದನ್ನು.