ಪ್ರೆಸೆಂಟೇಷನ್ ಇದೆಯೇ? ಮೊದಲ ನಿಮಿಷ, ಕೊನೆಯ ನಿಮಿಷದ ತಾಲೀಮು ಹೀಗಿರಲಿ

ಪುಣೆ: ಹಿಂಜೆವಾಡಿಯ ಐಟಿ ಕಂಪನಿಗಳಿರಲಿ, ಕಾಲೇಜಿನ ಪ್ಲೇಸ್‌ಮೆಂಟ್ ಕೊಠಡಿ ಇರಲಿ, ಕೆಲಸ ಸಿಗುವುದೂ ತಪ್ಪುವುದೂ ಎಷ್ಟೋ ಬಾರಿ ಹತ್ತು ನಿಮಿಷದ ಪ್ರೆಸೆಂಟೇಷನ್ ಮೇಲೆ ನಿಂತಿರುತ್ತದೆ. ಸ್ಲೈಡ್‌ಗಾಗಿ ರಾತ್ರಿಯಿಡೀ ನಿದ್ದೆಗೆಡುವ ನಾವು, ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡುವುದನ್ನೇ ಮರೆಯುತ್ತೇವೆ. ಪೂರ್ತಿ ತಾಲೀಮಿಗೆ ಸಮಯವಿಲ್ಲವೇ? ಆರಂಭ ಮತ್ತು ಮುಕ್ತಾಯವನ್ನಾದರೂ ಅಭ್ಯಾಸ ಮಾಡಿ.

ಈ ಎರಡೇ ಯಾಕೆ?

ಮನಶ್ಶಾಸ್ತ್ರಜ್ಞ ಬೆನೆಟ್ ಮರ್ಡಾಕ್ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪದಗಳ ಪಟ್ಟಿ ಕೇಳಿದವರಿಗೆ ಮಧ್ಯದ ಪದಗಳಿಗಿಂತ ಮೊದಲಿನ ಮತ್ತು ಕೊನೆಯ ಪದಗಳೇ ಹೆಚ್ಚು ನೆನಪಿದ್ದವು. ಜೊತೆಗೆ, ಮಾತನಾಡುವವರಿಗೆ ಅಳುಕು ಹೆಚ್ಚಿರುವುದೂ ಮೊದಲ ನಿಮಿಷದಲ್ಲೇ.

ಪುಣೆಯ ಸಂಗೀತಪ್ರಿಯರಿಗೆ ಇದು ಹೊಸದಲ್ಲ. ಗದಗದಲ್ಲಿ ಹುಟ್ಟಿದ ಪಂಡಿತ್ ಭೀಮಸೇನ ಜೋಶಿ ಅವರು ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲಿ ಸಂಗೀತೋತ್ಸವ ಆರಂಭಿಸಿದರು. ಹಿಂದೂಸ್ತಾನಿ ಕಛೇರಿಯಲ್ಲಿ ತಂಬೂರಿಯ ಶ್ರುತಿ ಕೂಡದೆ ಹಾಡು ಶುರುವಾಗುವುದಿಲ್ಲ. ಭೈರವಿಯಿಂದ ಮುಗಿಸುವುದು ರೂಢಿ. ನಡುವೆ ಗಾಯಕರು ಮನಬಂದಂತೆ ವಿಸ್ತರಿಸಿದರೂ ಎರಡು ತುದಿಗಳು ಗಟ್ಟಿಯಾಗಿರುತ್ತವೆ.

ಆರಂಭದ ತಾಲೀಮು

* ಮೊದಲ ಮೂರು ವಾಕ್ಯ ಬರೆದುಕೊಳ್ಳಿ. 'ಇಂದು ನಾನು ಗ್ರಾಹಕ ಸೇವೆ ಬಗ್ಗೆ ಮಾತನಾಡುತ್ತೇನೆ' ಎನ್ನುವ ಬದಲು, 'ದೂರು ಕೊಟ್ಟ ಗ್ರಾಹಕರು ಉತ್ತರಕ್ಕೆ ಮೂರು ದಿನ ಕಾಯುತ್ತಿದ್ದಾರೆ' ಎಂದು ನೇರವಾಗಿ ವಿಷಯಕ್ಕೆ ಬನ್ನಿ.
* ಕುಳಿತು ಮನಸ್ಸಿನಲ್ಲಿ ಓದಬೇಡಿ. ಎದ್ದು ನಿಂತು, ಜೋರಾಗಿ ಹೇಳಿ.
* ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತನಾಡಬೇಕಿದ್ದರೆ ಅದೇ ಭಾಷೆಯಲ್ಲಿ ಅಭ್ಯಾಸ ಮಾಡಿ. ವೇದಿಕೆಯಲ್ಲಿ ಕನ್ನಡದಿಂದ ಅನುವಾದಿಸಲು ಹೋದರೆ ತಡವರಿಸುತ್ತೀರಿ.

ಮುಕ್ತಾಯದ ತಾಲೀಮು

* ಕೇಳಿದವರು ಏನು ಮಾಡಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ: 'ಒಂದು ತಿಂಗಳು ಪ್ರಯೋಗ ನಡೆಸಲು ಒಪ್ಪಿಗೆ ಕೊಡಿ.'
* ಪ್ರಶ್ನೋತ್ತರ ಮುಗಿದ ಮೇಲೆ ಆ ವಾಕ್ಯವನ್ನು ಮತ್ತೊಮ್ಮೆ ಹೇಳಿ. ಇಲ್ಲದಿದ್ದರೆ ಯಾರೋ ಕೇಳಿದ ಕೊನೆಯ ಪ್ರಶ್ನೆಯೇ ನಿಮ್ಮ ಮುಕ್ತಾಯವಾಗುತ್ತದೆ.
* 'ಎರಡೇ ನಿಮಿಷ ಉಳಿದಿದೆ' ಎಂದರೆ ಯಾವ ಸ್ಲೈಡ್‌ಗೆ ಹಾರಬೇಕು ಎಂಬುದನ್ನು ಮೊದಲೇ ಗುರುತಿಸಿಕೊಳ್ಳಿ.

ಇದಿಷ್ಟನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿ, ತಿದ್ದಿಕೊಳ್ಳಿ. ಪೂರ್ತಿ ಭಾಷಣ ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೂ ಎಲ್ಲವೂ ನಿಂತುಹೋಗುತ್ತದೆ. ಮಧ್ಯದ ಭಾಗಕ್ಕೆ ಮುಖ್ಯ ಅಂಶಗಳು ನೆನಪಿದ್ದರೆ ಸಾಕು.