ಹಳ್ಳಿ, ಹಲ್ಲಿ ಮತ್ತು ಅಕ್ಕಲಕೋಟೆಯ ಕನ್ನಡ ಸಾಲಿ

ಮೂರನೇ ಕ್ಲಾಸಿನಲ್ಲಿ ಉಕ್ತಲೇಖನ ಬರೆಯುವಾಗ ನಾನು ‘ನಮ್ಮ ಹಳ್ಳಿ ಚೆಂದ’ ಎನ್ನುವುದನ್ನು ‘ನಮ್ಮ ಹಲ್ಲಿ ಚೆಂದ’ ಎಂದು ಬರೆದೆ. ಮಾಷ್ಟ್ರು ಸ್ಲೇಟು ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು. ಆ ವರ್ಷ ಮುಗಿಯುವ ತನಕ ನನ್ನ ಹೆಸರು ಹಲ್ಲಿ ಎಂದೇ ಆಯಿತು. ಮನೆಗೆ ಬಂದು ಉಮ್ಮನ ಹತ್ತಿರ ಹೇಳಿದರೆ ಅವರಿಗೆ ತಮಾಷೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಅವರ ಕಿವಿಗೆ ಎರಡೂ ಒಂದೇ. ನಮ್ಮ ಮನೆಯ ಬ್ಯಾರಿಯಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ಮಲಯಾಳದ ಪಳ್ಳಿ ನಮ್ಮ ಬಾಯಲ್ಲಿ ಪಲ್ಲಿ. ನನ್ನ ತಪ್ಪಿಗೆ ಒಂದು ಕಾರಣ ಇತ್ತು ಎಂದು ನನಗೆ ತಿಳಿಯುವಾಗ ನಲವತ್ತು ದಾಟಿತ್ತು.

ಇದೆಲ್ಲ ಮತ್ತೆ ನೆನಪಾದದ್ದು ಸೋಲಾಪುರದಲ್ಲಿ. ಅಂಗಡಿಗೆ ಚಾದರ, ಟವೆಲು ತರಲು ಅಲ್ಲಿಗೆ ಹೋಗುವುದು ನನಗೆ ರೂಢಿ. ಗಿರಣಿಗಳ ಊರು ಅದು. ಒಂದೇ ಬೀದಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತವೆ. ವ್ಯಾಪಾರದಲ್ಲಿ ಪರಿಚಯವಾದ ಒಬ್ಬರ ತಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಮಾಸ್ತರರು. “ನಮ್ಮ ಸಾಲಿ ನೋಡಾಕ ಬರ್ರಿ, ನಲವತ್ತು ಕಿಲೋಮೀಟರ್ ಅಷ್ಟ ಐತಿ” ಎಂದು ಕರೆದರು. ಹೋದೆ. ಅಲ್ಲಿಂದ ಬಂದ ಮೇಲೆ ಈ ವಿಷಯದ ಬಗ್ಗೆ ಓದಲು ಶುರು ಮಾಡಿದ್ದು.

ಮಗುವನ್ನು ನಡುವಿನಲ್ಲಿಟ್ಟು ಕಲಿಸಬೇಕು ಎನ್ನುವ ವಿಚಾರ ಹೊಸತಲ್ಲ. ರೂಸೋ 1762ರಲ್ಲಿ ‘ಎಮಿಲ್’ ಬರೆದ. ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡವನಲ್ಲ, ಅದಕ್ಕೆ ತನ್ನದೇ ನೋಡುವ, ಯೋಚಿಸುವ ರೀತಿ ಇದೆ ಎನ್ನುವುದು ಅದರ ತಿರುಳು. (ತನ್ನ ಸ್ವಂತ ಮಕ್ಕಳನ್ನು ಮಾತ್ರ ಅನಾಥಾಲಯಕ್ಕೆ ಬಿಟ್ಟವನೂ ಇವನೇ.) ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಆಟದ ಶಾಲೆ ತೆರೆದು ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಇವತ್ತು ನಮ್ಮ ಊರುಗಳಲ್ಲಿ ಮೂರು ವರ್ಷದ ಮಗುವಿಗೆ ಹೋಂವರ್ಕ್ ಕೊಡುವ ಎಲ್‌ಕೆಜಿಯ ‘ಕೆ’ ಮತ್ತು ‘ಜಿ’ ಅಲ್ಲಿಂದ ಬಂದವು. ಫ್ರೋಬೆಲ್ ನೋಡಿದ್ದರೆ ಏನು ಹೇಳುತ್ತಿದ್ದನೋ!

ಆ ತೋಟ ಸೋಲಾಪುರಕ್ಕೆ ಬೇಗನೆ ಬಂತು. 20ನೇ ಶತಮಾನದ ಆರಂಭದಲ್ಲೇ ಅಮೆರಿಕನ್ ಮರಾಠಿ ಮಿಷನ್‌ನ ಮೇರಿ ಹಾರ್ಡಿಂಗ್ ಅಲ್ಲಿ ಕಿಂಡರ್‌ಗಾರ್ಟನ್ ನಡೆಸಿದರು. ಮಾರಿಯಾ ಮಾಂಟೆಸರಿ ರೋಮಿನ ಬಡ ಕೇರಿಯಲ್ಲಿ ತನ್ನ ‘ಮಕ್ಕಳ ಮನೆ’ ತೆರೆದದ್ದು 1907ರ ಜನವರಿ 6ರಂದು. ಆಕೆ 1939ರಲ್ಲಿ ಮದರಾಸಿನ ಅಡ್ಯಾರ್‌ಗೆ ಬಂದು, ಯುದ್ಧದ ಕಾರಣ ವರ್ಷಗಟ್ಟಲೆ ಭಾರತದಲ್ಲೇ ಉಳಿದು ಶಿಕ್ಷಕರನ್ನು ತಯಾರು ಮಾಡಿದರು.

ನನಗೆ ಹೆಚ್ಚು ಹಿಡಿಸಿದವರು ಗಿಜುಭಾಯಿ ಬಧೇಕಾ. ವಕೀಲಿಕೆ ಬಿಟ್ಟು ಮಕ್ಕಳ ಹಿಂದೆ ಹೋದವರು. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ‘ಮೀಸೆಯ ತಾಯಿ’ ಎಂದು ಅವರನ್ನು ಕರೆಯುತ್ತಿದ್ದರು. ಅವರ ‘ದಿವಾಸ್ವಪ್ನ’ದಲ್ಲಿ ಲಕ್ಷ್ಮೀರಾಮ ಎಂಬ ಮಾಸ್ತರ ನಾಲ್ಕನೇ ಕ್ಲಾಸಿಗೆ ಕಾಲಿಟ್ಟು ಪಾಠ ಪಕ್ಕಕ್ಕಿಟ್ಟು ಕಥೆ ಹೇಳಲು ಕೂರುತ್ತಾನೆ. ಗಿಜುಭಾಯಿ ಮಾಂಟೆಸರಿಯ ಪದ್ಧತಿಯನ್ನು ಹಾಗೇ ನಕಲು ಮಾಡಲಿಲ್ಲ. ಗುಜರಾತಿ ಮನೆಗಳ ಕಥೆ, ಹಾಡು, ಗಾದೆಗಳನ್ನು ಶಾಲೆಯ ಒಳಗೆ ತಂದರು. ಮರದ ದಿಮ್ಮಿ, ಮಣಿ, ಬಣ್ಣದ ಹಲಗೆಗಳನ್ನು ಯಾವ ದೇಶದಿಂದ ಬೇಕಾದರೂ ತರಿಸಬಹುದು, ಮಾತನ್ನು ಮಾತ್ರ ಮಗುವಿನ ಮನೆಯಿಂದಲೇ ತರಬೇಕು.

ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ 1957ರಿಂದ ಕೋಸಬಾಡದಲ್ಲಿ, ಅನುತಾಯಿ ವಾಘ್ ಜೊತೆ ಸೇರಿ ಆದಿವಾಸಿ ಮಕ್ಕಳಿಗೆ ಕಲಿಸಿದರು. ದನ ಮೇಯಿಸುವ ಮಕ್ಕಳು ಶಾಲೆಗೆ ಬರುವುದಿಲ್ಲ ಎಂದಾಗ ಶಾಲೆಯನ್ನೇ ಹುಲ್ಲುಗಾವಲಿಗೆ, ಮನೆಯ ಅಂಗಳಕ್ಕೆ ಒಯ್ದರು. ನಮ್ಮ ಅಂಗನವಾಡಿ ಎಂಬ ಶಬ್ದದ ಹಿಂದೆ ಆ ಅಂಗಳ ಇದೆ.

ನಮ್ಮ ಕರಾವಳಿಯವರೂ ಹಿಂದೆ ಬಿದ್ದಿರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ಕುಣಿತ, ನಾಟಕ ಮಾಡಿಸುತ್ತಾ 1936ರಲ್ಲಿ ‘ಬಾಲಪ್ರಪಂಚ’ ಹೊರತಂದರು. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯನ್ನು ನಮ್ಮ ಮಕ್ಕಳೇ ಕಲಿತಿದ್ದಾರೆ.

ಈಗ ಗಡಿಯ ಕಥೆ. ಸೋಲಾಪುರ ಎಂದರೆ 12ನೇ ಶತಮಾನದ ಸಿದ್ಧರಾಮನ ಸೊನ್ನಲಿಗೆ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲೇ. ಅಧ್ಯಕ್ಷರು ಎಂ.ಆರ್. ಶ್ರೀನಿವಾಸಮೂರ್ತಿ. ಇವರು ಮೈಸೂರು ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವರು, ಹಳ್ಳಿ ಶಾಲೆಗಳನ್ನು ಸುತ್ತುವ ಇನ್ಸ್‌ಪೆಕ್ಟರನ ಕಥೆ ‘ರಂಗಣ್ಣನ ಕನಸಿನ ದಿನಗಳು’ ಬರೆದವರು. ಗಿಜುಭಾಯಿಯದು ಹಗಲುಗನಸು, ಇವರದು ಕನಸಿನ ದಿನಗಳು. ಒಳ್ಳೆಯ ಶಾಲೆಯ ಬಗ್ಗೆ ಬರೆಯುವವರಿಗೆಲ್ಲ ಕನಸು ಎಂಬ ಶಬ್ದವೇ ಏಕೆ ಬೇಕಾಯಿತೋ!

ಅದೇ ಸೋಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಓದಿದ್ದು ಮರಾಠಿಯಲ್ಲಿ. ಮನೆಯ ಭಾಷೆಯಾದ ಕನ್ನಡವನ್ನು ಆಮೇಲೆ ತಾವೇ ಕಲಿತು ಅದರಲ್ಲೇ ಕಾವ್ಯ ಬರೆದರು. 1974ರ ಮಂಡ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಅಷ್ಟು ಛಲ ಎಲ್ಲ ಮಕ್ಕಳಲ್ಲೂ ಇರಬೇಕು ಎಂದು ಕೇಳುವುದು ನ್ಯಾಯವೇ?

ಅಕ್ಕಲಕೋಟೆ ರಾಜರ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರ ವಿಂಗಡಣೆಯಲ್ಲೂ ಅಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. 1967ರ ಮಹಾಜನ ವರದಿ ದಕ್ಷಿಣ ಸೋಲಾಪುರ, ಅಕ್ಕಲಕೋಟೆ ಕಡೆಯ 247 ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕು ಎಂದಿತು. ನಮ್ಮ ಕಾಸರಗೋಡಿನ ಬಗ್ಗೆಯೂ ಅದೇ ವರದಿ ಹೇಳಿತ್ತು. ಎರಡೂ ಕಡೆ ಗಡಿ ಕದಲಲಿಲ್ಲ. ಅದೇ ವರ್ಷ ಪುಣೆಯಲ್ಲಿ ಪಠ್ಯಪುಸ್ತಕ ತಯಾರಿಸುವ ಬಾಲಭಾರತಿ ಸ್ಥಾಪನೆಯಾಯಿತು. ಇವತ್ತು ಅದು 8 ಭಾಷೆಗಳಲ್ಲಿ ಪುಸ್ತಕ ತರುತ್ತದೆ. ಅದರಲ್ಲಿ ಕನ್ನಡವೂ ಒಂದು. ಬೇರೆ ರಾಜ್ಯದ ಸರಕಾರ ನಮ್ಮ ಭಾಷೆಯಲ್ಲಿ ಪಾಠ ಅಚ್ಚು ಹಾಕಿಸುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ. ಹೀಗೆ ಹೇಳಿದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರಬಹುದು.

ಇದೇ ಸೋಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಪರಿತೆವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರ್ 3ರಂದು ‘ಜಾಗತಿಕ ಶಿಕ್ಷಕ’ ಪ್ರಶಸ್ತಿ ಬಂತು. 10 ಲಕ್ಷ ಡಾಲರ್. ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ 9 ಮಂದಿಗೆ ಹಂಚಿದರು. ಪತ್ರಿಕೆಗಳಲ್ಲಿ ಎಲ್ಲರೂ ಬರೆದದ್ದು ಪುಸ್ತಕಕ್ಕೆ ಅಂಟಿಸಿದ ಕ್ಯೂಆರ್ ಕೋಡ್ ಬಗ್ಗೆ. ಪ್ರಶಸ್ತಿಯವರ ಪ್ರಕಟಣೆಯಲ್ಲಿ ಅದಕ್ಕಿಂತ ಮೊದಲು ಇನ್ನೊಂದು ಮಾತಿತ್ತು: ಪಾಠ ಮಕ್ಕಳ ಮನೆಮಾತಾದ ಕನ್ನಡದಲ್ಲಿ ಇರಲಿಲ್ಲ, ಡಿಸಲೆ ಆ ಭಾಷೆ ಕಲಿತು ಪುಸ್ತಕವನ್ನು ಅದಕ್ಕೆ ತಿರುಗಿಸಿದರು ಎಂದು. ಅದನ್ನು ಓದಿದಾಗ ನನಗೆ ನನ್ನ ಸ್ಲೇಟು ನೆನಪಾಗದೆ ಇರುತ್ತದೆಯೇ?

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೆರೆದು ನೋಡಿ. ಚಟುವಟಿಕೆ, ಹುಡುಕಾಟಗಳ ಮೂಲಕ ಮಗುವನ್ನು ಕೇಂದ್ರದಲ್ಲಿಟ್ಟು ಕಲಿಸಬೇಕು ಎಂದು ಒಂದು ಸಾಲು. ಅದರ ಕೆಳಗಿನ ಸಾಲೇ, ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎಂದು. ಮೊದಲ ಸಾಲನ್ನು ಈಗ ಖಾಸಗಿ ಶಾಲೆಗಳ ಬ್ಯಾನರಿನಲ್ಲೂ ಕಾಣಬಹುದು. ಎರಡನೆಯದನ್ನು ಯಾವ ಬ್ಯಾನರಿನಲ್ಲೂ ನಾನು ನೋಡಿಲ್ಲ.

ನಮ್ಮ ಮಕ್ಕಳ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ, ಅದು ಸಂತೋಷವೇ. ಆದರೆ ಮಕ್ಕಳಿಗೆ ಇಂಗ್ಲಿಷ್ ಬೇಗ ಬರಲಿ ಎಂದು ಮನೆಯಲ್ಲೂ ಬ್ಯಾರಿ ನಿಲ್ಲಿಸಿದವರು ನಮ್ಮಲ್ಲಿ ಎಷ್ಟು ಮಂದಿ? ನನ್ನ ಮನೆಯಲ್ಲೂ ಎರಡು ವರ್ಷ ಹಾಗೆ ಮಾಡಿದ್ದೆವು. ಮಗಳು ಅಜ್ಜಿಯ ಹತ್ತಿರ ಮಾತಾಡುವುದನ್ನೇ ಕಡಿಮೆ ಮಾಡಿದಳು.

ಅಕ್ಕಲಕೋಟೆಯ ಆ ಹಳ್ಳಿ ಶಾಲೆಯಲ್ಲಿ ಮಾಸ್ತರರು ನನ್ನನ್ನು ಕ್ಲಾಸಿನ ಮುಂದೆ ನಿಲ್ಲಿಸಿ, “ಇವರು ಮಂಗಳೂರು ಕಡೆಯವರು, ಮನ್ಯಾಗ ಬ್ಯಾರೆ ಭಾಷೆ ಮಾತಾಡ್ತಾರ, ಏನ್ ಬೇಕಾದ್ರೂ ಕೇಳ್ರಿ” ಎಂದು ತಾವು ಹಿಂದೆ ಹೋಗಿ ಮಕ್ಕಳ ಸಾಲಿನಲ್ಲಿ ಕುಳಿತರು. ಒಬ್ಬಳು ಹುಡುಗಿ ಕೇಳಿದಳು, “ನೀರಿಗೆ ಏನ್ ಅಂತೀರಿ?”

ನಾನು ಬೋರ್ಡಿನಲ್ಲಿ ‘ತನ್ನಿ’ ಎಂದು ಬರೆದೆ. ಮಕ್ಕಳು ನಕ್ಕರು. “ನೀರು ಕೇಳಿದ್ರ ತನ್ನಿ ಅಂತಾರಲೇ!” ನನ್ನ ಕಿವಿ ಬಿಸಿಯಾಯಿತು, ಮೂರನೇ ಕ್ಲಾಸಿನಲ್ಲಿ ಆದ ಹಾಗೆಯೇ. ಮಾಸ್ತರರು ಸುಮ್ಮನೆ ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ನಿಂತ.

“ಸರ್, ಅದು ನಮ್ಮ ತಣ್ಣೀರು ಅಲ್ಲೇನ್ರಿ?”

“ಹೆಂಗ ಗೊತ್ತಾತು, ಬೋರ್ಡಿಗೆ ಬಂದು ಹೇಳು” ಎಂದರು ಮಾಸ್ತರರು. ಹುಡುಗ ಬಂದ, ನನ್ನ ಕೈಯಿಂದ ಚಾಕ್ ತೆಗೆದುಕೊಂಡ, ನನ್ನ ‘ತನ್ನಿ’ಯನ್ನು ಅಳಿಸದೆ ಅದರ ಪಕ್ಕ ‘ತಣ್ಣೀರು’ ಎಂದು ಬರೆದು ಎರಡರ ನಡುವೆ ಒಂದು ಗೆರೆ ಎಳೆದ.