ಲೇತಿಗೆ ಕರೆಂಟು ಬಂದ ಕತೆ

ಹೋದ ವಾರ ನಮ್ಮ ಸೊಸೆ, "ಅತ್ತೆ, ಹಿತ್ತಲ ಶೆಡ್ಡಲ್ಲಿ ನಾನೂ ಒಂದು ಲೇತು ಹಾಕ್ಕೋತೀನಿ. ಅಡುಗೆಮನೆ ಪ್ಲಗ್ಗಿಂದ ವೈರು ಎಳೆದ್ರಾಯ್ತು" ಅಂದ್ಲು. ನಾನು ಬಿಡಿಸ್ತಿದ್ದ ಸೊಪ್ಪು ಅಲ್ಲೇ ಬಿಟ್ಟೆ. "ಲೇತು ಹಾಕ್ಕೊ, ಆದ್ರೆ ಹಂಗೆ ಮಾತ್ರ ಬ್ಯಾಡ ಕಣವ್ವ" ಅಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೀತಿದೀನಿ.

ನಮ್ದು ಚನ್ನಪಟ್ಟಣ, ಗೊಂಬೆ ಊರು. ಮೊದಲು ಲೇತು ತಿರುಗ್ತಿದ್ದದ್ದು ಕೈಯಿಂದ. ಬಿಲ್ಲಿನ ಹಗ್ಗ ಸುತ್ತಿ, ಒಂದು ಕೈಲಿ ಹಿಂದಕ್ಕೂ ಮುಂದಕ್ಕೂ ಎಳೀತಾ, ಇನ್ನೊಂದು ಕೈಲಿ ಉಳಿ ಹಿಡೀಬೇಕು. ತಿರುಗೋ ಆಲೆಮರಕ್ಕೆ ಅರಗು ಒತ್ತಿದ್ರೆ ಆ ಬಿಸಿಗೇ ಕರಗಿ ಬಣ್ಣ ಹತ್ತೋದು. ತಾಳೆಗರಿ ಒತ್ತಿದ್ರೆ ಹೊಳಪು.

ನಮ್ಮ ಸೀಮೆಗೆ ಕರೆಂಟು ಹೊಸದೇನಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಕೆಲಸ 1902ರಲ್ಲಿ ಮುಗೀತು. ಕರೆಂಟು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಅಂದ್ರೆ ಮೊದಲು ಯಂತ್ರಕ್ಕೆ, ಆಮೇಲೆ ದೀಪಕ್ಕೆ. ನಮ್ಮಂಥೋರ ಮನೇಲಿ ಇದು ತಲೆಕೆಳಗಾಯ್ತು. ದೀಪಕ್ಕೆ ಅಂತ ಸಣ್ಣ ತಂತಿ ಎಳೆಸಿ, ಆಮೇಲೆ ಅದರ ಮ್ಯಾಲೇ ಯಂತ್ರದ ಭಾರ ಹೊರಿಸಿದ್ವಿ.

ನಮ್ಮ ಮಾವನೋರೂ ಹಂಗೇ ಮಾಡಿದ್ರು. ಮರದ ಪಟ್ಟಿ ಮ್ಯಾಲೆ ಎಳೆದಿದ್ದ ಹಳೇ ವೈರಿಗೇ 1 ಎಚ್‌ಪಿ ಮೋಟಾರು ಸಿಗಿಸಿದ್ರು. 1 ಎಚ್‌ಪಿ ಅಂದ್ರೆ 746 ವಾಟು. ಮೋಟಾರು ತಿನ್ನೋದು ಇನ್ನೂ ಜಾಸ್ತಿ, 40 ವಾಟಿನ ಬಲ್ಬು ಇಪ್ಪತ್ತಕ್ಕೂ ಹೆಚ್ಚು ಒಟ್ಟಿಗೆ ಹತ್ತಿಸಿದಂಗೆ. ಶುರುವಾಗೋ ಗಳಿಗೇಲಿ ಅದರ ಐದಾರು ಪಟ್ಟು ಎಳೀತದೆ. ದಿನಾ ಫ್ಯೂಸು ಹೋಗೋದು. ಬೇಸತ್ತು ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿದ್ರು. ಫ್ಯೂಸು ಹೋಗೋದು ನಿಂತೋಯ್ತು, ಮನೆಯೋರೆಲ್ಲ ಖುಷಿ ಪಟ್ವಿ.

ಒಂದು ಸಂಜೆ ಸುಟ್ಟ ವಾಸನೆ. ನೋಡಿದ್ರೆ ಗೋಡೆ ಪಟ್ಟಿಯೇ ಉರೀತಿತ್ತು, ಕೆಳಗೆ ಮರದ ಹೊಟ್ಟು, ಅರಗು. ಮಾವ ಮೇನ್ ಆರಿಸಿ ಮರಳು ಎರಚಿದ್ರು. ಮನೆ ಉಳೀತು. ಅವರ ಬಲಗೈ ಎರಡು ಬೆರಳು ಮಾತ್ರ ಆಮೇಲೆ ಪೂರ್ತಿ ಮಡಚಲೇ ಇಲ್ಲ. ಉಳಿ ಹಿಡಿಯೋ ಕೈ ಅದು.

ಅದ್ಕೇ ಸೊಸೆ ಶೆಡ್ಡಿಗೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನನ್ನೇ ಕರೆಸಿದ್ವಿ. ಮೀಟರಿಂದಲೇ ಬೇರೆ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೇ ಅಂತ ಒಂದು ಎಂಸಿಬಿ, ಶಾಕ್ ಹೊಡೆದ್ರೆ ಜೀವಕ್ಕೆ ಕುತ್ತು ಬರೋ ಮುಂಚೆ ಥಟ್ಟನೆ ಆರಿಸೋ 30 ಮಿಲಿಆಂಪಿನ ಆರ್‌ಸಿಸಿಬಿ, ಇದ್ದಿಲು ಉಪ್ಪು ಹಾಕಿದ ಅರ್ತಿಂಗ್ ಗುಂಡಿ. ಸ್ಟಾರ್ಟರೂ ಇರಲೇಬೇಕು. ಇಲ್ದಿದ್ರೆ ಕರೆಂಟು ಹೋಗಿ ಬಂದಾಗ, ನೀವು ಮರ ತೆಗೀತಿರೋ ಹೊತ್ಗೇ ಲೇತು ತಾನಾಗೇ ತಿರುಗ್ತದೆ. ಮನೆ ಲೋಡು ಜಾಸ್ತಿ ಮಾಡಿಸೋಕೂ ಅರ್ಜಿ ಹಾಕಿದ್ವಿ. ಮುಂದೆ ದೊಡ್ಡ ಯಂತ್ರ ಎರಡು ಮೂರು ಬಂದ್ರೆ ತ್ರೀ ಫೇಸೇ ಬೇಕಾದೀತು.

ಖರ್ಚು ನೋಡಿ ನಮ್ಮ ಯಜಮಾನರು ಮುಖ ಸಿಂಡರಿಸಿದ್ರು. ನಾನು ಅವರಪ್ಪನ ಕೈ ನೆನಪು ಮಾಡಿದೆ. ಸುಮ್ನಾದ್ರು.

ನಿನ್ನೆ ಸೊಸೆ ಸೆರಗು ಸಿಕ್ಕಿಸಿ, ಜಡೆ ಎತ್ತಿ ಕಟ್ಟಿ, ಮೊದಲ ಬುಗುರಿ ತಿರುಗಿಸಿದ್ಲು. ವಸಿ ಸೊಟ್ಟ ಐತೆ. ದೇವರ ಗೂಡಲ್ಲಿ ಇಟ್ಟಿದೀನಿ.